ಬೆಟರ್ ಮಿರ್ಚಿ, ಯಾರಕಿಂತ?

ತಡಸದ ಕ್ರಾಸ್‌ನಲ್ಲಿ ಬಸ್ಸಿನಿಂದ ಇಳಿದರೆ ಮೂರು ವಾಸನೆ ಬರುತ್ತವೆ. ಎಡಗಡೆಯಿಂದ ಫಕ್ಕೀರಪ್ಪನ ಮಿರ್ಚಿ ಭಜಿಯದು, ಬಲಗಡೆಯಿಂದ ಉಸ್ಮಾನಸಾಬನ ಚಹಾದ್ದು, ಪಕ್ಕದಿಂದ ಸುಟ್ಟ ರಬ್ಬರಿನದು. ಮೂರನೆಯದು ನನ್ನದು. ನನ್ನ ಹೆಸರು ನಾಸೀರ, ಪಂಕ್ಚರ್ ತೆಗೆಯುತ್ತೇನೆ. ನಾಲ್ಕನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನು. ಆದರೂ ಒಂದೇ ಒಂದು ಇಂಗ್ಲಿಷ್ ಶಬ್ದ ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರು, ನಾಲ್ಕೂ ತಾಲೂಕುಗಳನ್ನು ಹೇಗೆ ಅಲ್ಲಾಡಿಸಿತು ಎಂಬುದನ್ನು ಹೇಳುವ ಹಕ್ಕು ನನಗೇ ಇದೆ. ಯಾಕೆಂದರೆ ಆ ಶಬ್ದ ಮೇಲೇರಿದ್ದು ನನ್ನ ಏಣಿಯಿಂದ.

ಫಕ್ಕೀರಪ್ಪ ಕಾಕಾನ ಮಿರ್ಚಿಯ ಖಾರವನ್ನು ಮೊದಲು ಹೇಳಬೇಕು. ಒಬ್ಬ ಲಾರಿ ಡ್ರೈವರ್ ಆರು ಮಿರ್ಚಿ ತಿಂದು ಯಲ್ಲಾಪುರದ ಕಡೆ ಹೋದ. ಘಟ್ಟ ಇಳಿಯುವಾಗ ಅವನಿಗೆ ಹಾರ್ನ್ ಹೊಡೆಯುವ ಪ್ರಸಂಗವೇ ಬರಲಿಲ್ಲವಂತೆ. ಅವನು ಹಾ ಹೂ ಎನ್ನುವುದನ್ನು ಕೇಳಿಯೇ ಎದುರಿನ ಗಾಡಿಗಳು ಬದಿಗೆ ಸರಿದವಂತೆ. ಇಷ್ಟು ಖಾರದ ಮಿರ್ಚಿಯನ್ನು ಕರಿಯುವವಳು ಕಾಕಾ ಅಲ್ಲ, ಅವನ ಹೆಂಡತಿ ದಾನವ್ವ. ಕಾಕಾನದು ತಟ್ಟೆ ಕೊಡುವುದು, ಮಂಡಕ್ಕಿ ಕಲಸುವುದು, ಬಂದವರ ಜೊತೆ ಊರ ಸುದ್ದಿ ಮಾತಾಡುವುದು.

ಕ್ರಾಸ್‌ನಲ್ಲಿ ಒಂದು ಕಟ್ಟುಪಾಡಿದೆ. ಫಕ್ಕೀರಪ್ಪ ಚಹಾ ಮಾಡುವುದಿಲ್ಲ, ಉಸ್ಮಾನಸಾಬ ಮಿರ್ಚಿ ಕರಿಯುವುದಿಲ್ಲ. ಮಿರ್ಚಿ ತಿಂದವನು ಕುಂತಲ್ಲಿಂದಲೇ ಕೈ ಎತ್ತಿದರೆ ರಸ್ತೆ ದಾಟಿ ಚಹಾ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿದೆ.

ಈಗ ಮುಖ್ಯ ವಿಷಯ. ಕಾಕಾನಿಗೆ ಒಬ್ಬಳೇ ಮಗಳು, ನೇತ್ರಾ. ಬಿ.ಎ. ಮುಗಿಸಿ ಶಿಗ್ಗಾವಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಹಿರೇಕೆರೂರಿನಿಂದ ಹಾನಗಲ್ ಹಾದು ಹುಬ್ಬಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಲೋಹಿತ. ಬಸ್ಸು ನಮ್ಮಲ್ಲಿ ಐದು ನಿಮಿಷ ನಿಲ್ಲುತ್ತದೆ, ಆ ಐದು ನಿಮಿಷದಲ್ಲಿ ಅವನು ತಪ್ಪದೇ ಒಂದು ತಟ್ಟೆ ಮಿರ್ಚಿ ತಿನ್ನುತ್ತಿದ್ದ. ಒಂದು ವರ್ಷದಲ್ಲಿ ಅವನು ತಿಂದಷ್ಟನ್ನು ಬೇರೆಯವನು ತಿಂದಿದ್ದರೆ ದವಾಖಾನೆ ಸೇರುತ್ತಿದ್ದ. ಲೋಹಿತ ನೇತ್ರಾಳ ಮೇಲೆ ಮನಸ್ಸಿಟ್ಟ. ಅವಳೂ ಬೇಡ ಅನ್ನಲಿಲ್ಲ. ಎರಡೂ ಕಡೆಯ ಹಿರಿಯರು ತಲೆಯಾಡಿಸಿದರು. ಹುಡುಗನ ಅಪ್ಪ ಬಸವೇಶಪ್ಪ ಸೋಮವಾರ ಬಂದು ಕುಂತು ಮಾತು ಮುಗಿಸುವುದು ಎಂದಾಯಿತು.

ಈ ಬಸವೇಶಪ್ಪ ಚಿಕ್ಕೇರೂರಿನವನು. ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷದಿಂದ ಮಿರ್ಚಿ ಕರಿಯುತ್ತಿದ್ದ.

ಬೀಗರು ಬರುವ ಮುಂಚೆ ಅಂಗಡಿಗೆ ಒಂದು ಕಳೆ ಬರಬೇಕೆಂದು ಫಕ್ಕೀರಪ್ಪ ಕಾಕಾನಿಗೆ ಅನಿಸಿತು. ಮುಂದಿನ ತಿರುವಿನಲ್ಲಿ ಎದ್ದ ಹೊಸ ಹೋಟೆಲಿಗೆ ಇಂಗ್ಲಿಷ್ ಬೋರ್ಡು ಇತ್ತು. ಅಲ್ಲಿಯ ಅನ್ನ ಅರ್ಧ ಬೆಂದಿರುತ್ತಿತ್ತು, ಬೋರ್ಡು ಮಾತ್ರ ಪೂರ್ತಿ ಮಿಂಚುತ್ತಿತ್ತು. ಕಾಕಾ ಬುಧವಾರ ಬೆಳಿಗ್ಗೆ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸವಣೂರಿನ ಪೇಂಟರ್ ಮುಜಮ್ಮಿಲನ ಹತ್ತಿರ ಹೋದ. ಮಗಳನ್ನು ಕೇಳಿದ್ದರೆ ಐದು ನಿಮಿಷದ ಕೆಲಸ. ಆದರೆ ಮಗಳ ಮದುವೆ ಮಾತುಕತೆಗೆಂದು ಹಾಕುವ ಬೋರ್ಡನ್ನು ಮಗಳಿಗೇ ಕೇಳಿ ಬರೆಸುವುದು ಅವನಿಗೆ ಸರಿಬರಲಿಲ್ಲ.

ಮುಜಮ್ಮಿಲ ಎಲೆಯಡಿಕೆ ಹಾಕಿಕೊಂಡು ಒಂದು ಹಳೆಯ ನೋಟ್‌ಬುಕ್ ತೆಗೆದ. ಅದರಲ್ಲಿ ಇಂಗ್ಲಿಷ್ ಶಬ್ದಗಳು ಅಂಗಡಿಯಲ್ಲಿ ಮಡಿಸಿಟ್ಟ ಸೀರೆಗಳಂತೆ ಸಾಲಾಗಿದ್ದವು.

"ಮಿರ್ಚಿ ಛಲೋ ಐತಿ ಅನ್ನೂದ ಮಂದಿಗೆ ಗೊತ್ತಾಗಬೇಕು," ಎಂದ ಕಾಕಾ.

"ಅದಕ್ಕ ಮೂರ ನಮೂನಿ ಅದಾವ್ರಿ. ಗುಡ್, ಬೆಟರ್, ಬೆಸ್ಟ್."

"ಏನ್ ಫರಕ್?"

"ಗುಡ್ ಅಂದ್ರ ಛಲೋ. ಬೆಸ್ಟ್ ಅಂದ್ರ ಎಲ್ಲಾದ್ರಾಗ ಛಲೋ. ಬೆಟರ್ ಈ ಎರಡರ ನಡಕಿಂದು."

ಕಾಕಾ ಕಣ್ಣು ಮುಚ್ಚಿ ಯೋಚಿಸಿದ. ಮದುವೆಗೆ ಸೀರೆ ಆರಿಸುವ ಗಂಡಸಿಗೂ ಅಷ್ಟು ಕಷ್ಟ ಆಗಿರಲಿಕ್ಕಿಲ್ಲ.

"ಗುಡ್ ಬ್ಯಾಡ. ಅದನ್ನ ಎಲ್ಲಾರೂ ಹಾಕ್ತಾರ, ಬಿಸ್ಕೀಟ್ ಪಾಕೀಟ ಮ್ಯಾಲೂ ಇರ್ತೈತಿ."

"ಹಂಗಾರ ಬೆಸ್ಟ್ ಬರೀತೇನಿ."

"ಬೆಸ್ಟ್ ಅಂದ್ರ ಸೊಕ್ಕ ಆಗ್ತೈತೋ. ಸೋಮವಾರ ಬೀಗರ ಬರಾವ್ರ ಅದಾರ. ಹೆಣ್ಣ ಕೊಡಾಂವ ಸೊಕ್ಕ ಮಾಡಬಾರದು. ಆ ನಡಕಿಂದ ಬರೀ."

"ಕಾಕಾ ಭಾಳ ವಿಚಾರ ಮಾಡ್ತಾರ ಬಿಡ್ರಿ," ಎಂದು ಮುಜಮ್ಮಿಲ ನನಗೆ ಹೇಳಿದ. ನಾನೂ ಹೌದೆಂದೆ. ತೀರಾ ಕಡಿಮೆಯೂ ಅಲ್ಲ, ತೀರಾ ಹೆಚ್ಚೂ ಅಲ್ಲ. ಅಂಗಿ ತಗೊಳ್ಳುವಾಗ ನಾವು ನಡುವಿನ ಅಳತೆ ಕೇಳುವುದಿಲ್ಲವೇ, ಹಾಗೆ.

ಗುರುವಾರ ನನ್ನ ಏಣಿಯಿಂದ ಬೋರ್ಡು ಏರಿತು. ಹಳದಿ ಬಣ್ಣದ ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳು: ಮೇಲೆ ಫಕ್ಕೀರಪ್ಪ, ಅದರ ಕೆಳಗೆ ಬೆಟರ್ ಮಿರ್ಚಿ. ಬದಿಗೆ ಒಂದು ಮೆಣಸಿನಕಾಯಿಯ ಚಿತ್ರ. ಮುಜಮ್ಮಿಲ ಅದಕ್ಕೆ ಹೊಳಪು ಕೊಡಲು ಹೋಗಿ ಮೊಸಳೆ ಮಾಡಿಟ್ಟಿದ್ದ. ಆದರೂ ನೋಡಲು ಚೆಂದವಿತ್ತು. ಕಾಕಾ ರಸ್ತೆಯ ಆ ಬದಿಗೊಮ್ಮೆ, ಈ ಬದಿಗೊಮ್ಮೆ ನಿಂತು ನೋಡಿದ. ಕೊನೆಗೆ ಉಸ್ಮಾನಸಾಬನ ಬೆಂಚಿನ ಮೇಲೆ ಕುಂತು, ಗಿರಾಕಿಯ ಹಾಗೆ ನೋಡಿದ.

ಸಂಜೆ ನೇತ್ರಾ ಬಸ್ಸಿಳಿದಳು. ಬೋರ್ಡು ನೋಡಿ ನಿಂತಳು. ನಗು ಮುಚ್ಚಲು ಸೆರಗು ಇಲ್ಲದ್ದರಿಂದ ಬಾಯಿಗೆ ಚೀಲ ಅಡ್ಡ ಹಿಡಿದಳು.

"ಯಾಕವಾ, ಛಲೋ ಇಲ್ಲೇನ?" ಕಾಕಾ ಕೇಳಿದ.

"ಛಲೋ ಐತಪ್ಪ. ಇನ್ನೂ ಛಲೋ ಮಿರ್ಚಿ ಅಂತ ಬರದೈತಿ. ಆದ್ರ ಯಾರಕಿಂತ?"

"ಯಾರಕಿಂತ ಅಂದ್ರ?"

"ಬೆಟರ್ ಅಂದ್ರ ಒಬ್ಬರಕಿಂತ ಇನ್ನೊಬ್ಬರ ಹೆಚ್ಚ ಅಂತ. ಆ ಒಬ್ಬರು ಯಾರು?"

"ಯಾರೂ ಇಲ್ಲ. ಇದು ಸುಮ್ನ ಬೆಟರ್."

"ಸುಮ್ನ ಬೆಟರ್ ಇರಾಂಗಿಲ್ಲಪ್ಪ. ಉದ್ದ ಇರಾಂವ ಸುಮ್ನ ಉದ್ದ ಇರಬಹುದು. ಇನ್ನೂ ಉದ್ದ ಅನ್ನಬೇಕಂದ್ರ ಬಾಜೂಕ ಒಬ್ಬನ್ನ ನಿಂದರಿಸಬೇಕು."

ಕಾಕಾ ತನ್ನ ಬಾಜೂಕ್ಕೆ ನೋಡಿದ. ಅಲ್ಲಿ ನಾನು ನಿಂತಿದ್ದೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ, ನನ್ನದು ಪಂಕ್ಚರ್ ಅಂಗಡಿ.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಈ ಮಾತನ್ನು ಮಿರ್ಚಿ ತಿನ್ನುತ್ತಿದ್ದ ಐದು ಮಂದಿ ಕೇಳಿಸಿಕೊಂಡರು. ನಮ್ಮ ಕಡೆಯ ಮಂದಿಗೆ ಒಂದು ಕುತೂಹಲ ಹಚ್ಚಿಬಿಟ್ಟರೆ ಮುಗಿಯಿತು, ಊಟ ಬಿಟ್ಟಾರು, ಅದನ್ನು ಬಿಡುವುದಿಲ್ಲ. ಶುಕ್ರವಾರ ಬೆಳಗಾಗುವುದರೊಳಗೆ ಕ್ರಾಸ್‌ನಲ್ಲಿ ಇಳಿಯುವವರೆಲ್ಲ ಬೋರ್ಡಿನ ಕೆಳಗೆ ನಿಂತು ಒಂದೇ ಪ್ರಶ್ನೆ ಕೇಳತೊಡಗಿದರು: "ಯಾರಕಿಂತ?"

ಮೊದಲು ಮನಸ್ಸು ಕೆಟ್ಟದ್ದು ಉಸ್ಮಾನಸಾಬನದು. ಆವತ್ತು ಚಹಾ ಕೇಳಿದರೆ ಅರ್ಧ ತಾಸಾದರೂ ಬರಲಿಲ್ಲ. ಕಾಕಾ ರಸ್ತೆ ದಾಟಿ ಹೋದ.

"ಏನ್ ಉಸ್ಮಾನಸಾಬ್ರ, ಚಾ ಎಲ್ಲೆ?"

"ಬರ್ತೈತಿ, ಬರ್ತೈತಿ. ಬೆಟರ್ ಮಂದಿಗೆ ಬೆಟರ್ ಚಾನೇ ಆಗಬೇಕಲ್ಲ. ನಮ್ಮ ಚಾ ನಡೀತೈತೋ ಇಲ್ಲೋ."

"ನೀವ ಮಿರ್ಚಿ ಮಾಡಾಂಗಿಲ್ಲ. ನಿಮಗ್ಯಾಕ ಹತ್ತಿತು?"

ಉಸ್ಮಾನಸಾಬ ಕೆಟಲಿ ಕೆಳಗಿಟ್ಟ. "ಹನ್ನೊಂದ ವರ್ಷದ ಹಿಂದ ದಾನವ್ವಗ ಸೀತಾಳಿ ಸಿಡುಬ ಎದ್ದಾಗ ಎಂಟ ದಿನ ನಿನ್ನ ಅಂಗಡ್ಯಾಗ ಮಿರ್ಚಿ ಕರದಾಂವ ಯಾರು?"

"ನೀವ."

"ಆ ಎಂಟ ದಿನದ ಮಿರ್ಚಿ ಸೇರಿರಲಿಲ್ಲ ಅನ್ನೂದನ್ನ ಇಲ್ಲೀತನಕ ಹೊಟ್ಟ್ಯಾಗ ಇಟ್ಕೊಂಡಿದ್ದೀ. ಈಗ ಬೋರ್ಡ್ ಹಾಕಿ ತೀರಿಸಿಕೊಂಡೆಲ್ಲ ದೋಸ್ತ."

ಕಾಕಾ ಆಣೆ ಮಾಡಿದ. ಆಣೆ ಮಾಡುವವನ ಮೇಲೆ ಸಂಶಯ ಇನ್ನೂ ಹೆಚ್ಚುತ್ತದೆ. ಆವತ್ತಿನ ಚಹಾಕ್ಕೆ ಸಕ್ಕರೆ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ದುಂಡಸಿಯಿಂದ ದಾನವ್ವನ ಅವ್ವ ಬಂದಳು. ಮಗಳಿಗೆ ಮಿರ್ಚಿ ಕರಿಯಲು ಕಲಿಸಿದ ಮುದುಕಿ. ಬಂದವಳು ಒಳಗೆ ಹೋಗಲಿಲ್ಲ. ಬೋರ್ಡಿನ ಎದುರಿಗೆ ಕಲ್ಲಿನ ಮೇಲೆ ಕುಂತಳು.

"ಅತ್ತಿ, ಒಳಗ ಬರ್ರಿ," ಎಂದ ಕಾಕಾ.

"ಇಲ್ಲೇ ಇರ್ತೇನಿ ಅಳಿಯಾರ. ಒಳಗ ಬೆಟರ್ ಮಂದಿ ಅದಾರಂತ. ಹಿಟ್ಟಿಗೆ ಅಜವಾನ ಎಷ್ಟ ಹಾಕಬೇಕು ಅಂತ ಹೇಳಿಕೊಟ್ಟಾಕಿ ನಾನು. ಈಗ ನನ್ನಕಿಂತ ಹೆಚ್ಚಿಂದು ಬಂದೈತೆಂದ್ರ ನೋಡಿ ಕಣ್ಣ ತಂಪ ಮಾಡ್ಕೊಂಡ ಹೋಗೂಣ ಅಂತ ಬಂದೇನಿ."

"ನಿಮ್ಮಕಿಂತ ಅಂತ ಯಾರ ಅಂದ್ರು ಅತ್ತಿ?"

"ಮತ್ತ ಯಾರಕಿಂತ?"

ಮುದುಕಿ ಕೋಲು ಊರಿ, ಅಲ್ಲಿ ನೆರೆದವರಿಗೂ ಕೇಳುವಂತೆ ಹೇಳಿದಳು. "ಗಿಂತ ಅನ್ನೂ ಮಾತ ನಮ್ಮ ಕಡೆ ತಿನ್ನಾಕ ಕುಂತಾಂವಂದು, ಅಳಿಯಾರ. ಮಾಡಿ ಬಡಿಸಾಂವಂದಲ್ಲ."

ಮುದುಕಿಯ ಮಾತು ಖರೆ. ನಮ್ಮಲ್ಲಿ ಯಾರ ಮನೆಯಲ್ಲಿ ಉಂಡರೂ ಕೈ ತೊಳೆಯುವ ಮುಂಚೆ "ನಮ್ಮ ಮನೀಕಿಂತ ಛಲೋ ಆಗೇತ್ರಿ" ಎನ್ನಬೇಕು. ಆ ರೊಟ್ಟಿಯಿಂದ ನಾನು ಟ್ರ್ಯಾಕ್ಟರಿನ ಟೈರಿಗೆ ಪ್ಯಾಚ್ ಹಾಕಬಹುದಾಗಿದ್ದರೂ ಅನ್ನಬೇಕು. ಬಡಿಸಿದವರು "ಏನ್ ಛಲೋರಿ, ಇವತ್ತ ಉಪ್ಪ ಕಡಿಮಿ ಬಿದ್ದೈತಿ, ನಿಮ್ಮ ಮನ್ಯಾಂಗ ಎಲ್ಲಿ ಆಗಬೇಕು" ಎನ್ನಬೇಕು. ಉಪ್ಪು ಸರಿಯಾಗೇ ಇರುತ್ತದೆ, ಆದರೂ ಅನ್ನಬೇಕು. ಹೀಗೆ ಎರಡೂ ಕಡೆಯವರು ತಮ್ಮನ್ನು ಕೆಳಗಿಟ್ಟುಕೊಂಡು ಎದ್ದರೆ ಸಂಬಂಧ ಉಳಿಯುತ್ತದೆ. ಫಕ್ಕೀರಪ್ಪ ಕಾಕಾ ತನ್ನ ಗಿಂತವನ್ನು ತಾನೇ ಹೇಳಿಕೊಂಡು, ಅದನ್ನೂ ಹಳದಿ ಬಣ್ಣದಲ್ಲಿ ಬರೆಸಿ, ಮೇಲೆ ಮೊಸಳೆಯನ್ನೂ ಕೂರಿಸಿದ್ದ.

ಶನಿವಾರ ಹಾನಗಲ್‌ನಿಂದ ಬೈಕಿನ ಮೇಲೆ ಒಬ್ಬ ಬಂದ. ಹೆಸರು ಚನ್ನೇಶ, ಅವನದೂ ಮಿರ್ಚಿ ಗಾಡಿ. ಹೆಲ್ಮೆಟ್ ತೆಗೆಯದೇ ಕೇಳಿದ.

"ಬೋರ್ಡ್ ಹಾಕಿದಾವ್ರ ನೀವೇನ್ರಿ? ಇದು ನನಗ ಅಂದದ್ದೋ ಹ್ಯಾಂಗ?"

"ಇಲ್ಲಪಾ ತಮ್ಮ," ಎಂದ ಕಾಕಾ ಸಮಾಧಾನದಿಂದ. "ನೀ ಯಾರು ಅನ್ನೂದ ನನಗ ಗೊತ್ತಿಲ್ಲ."

ಚನ್ನೇಶ ಆಗ ಹೆಲ್ಮೆಟ್ ತೆಗೆದ. ಮುಖ ಕೆಂಪಾಗಿತ್ತು. "ಗೊತ್ತಿಲ್ಲ? ಹದಿನಾರ ವರ್ಷ ಆತು ಹಾನಗಲ್‌ನಾಗ ಮಿರ್ಚಿ ಕರ್ಯಾಕತ್ತು. ನನ್ನನ್ನ ಲೆಕ್ಕಕ್ಕ ಹಿಡೀದ ಬೆಟರ್ ಅಂತ ಹ್ಯಾಂಗ ಬರದ್ರಿ?"

"ಹಿಡದೇನಿ ಅಂದ್ರೂ ಸಿಟ್ಟ, ಹಿಡದಿಲ್ಲ ಅಂದ್ರೂ ಸಿಟ್ಟ. ನಾ ಏನ್ ಮಾಡ್ಲೋ?"

"ಮೊದಲ ಬಂದು ನಂದು ತಿನ್ರಿ. ಆಮ್ಯಾಲ ಬೈರಿ."

ಅವನು ಹೋದ ಮೇಲೆ ಪಂಚಾಯ್ತಿಯ ಸಂಜಯ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಯಾವುದನ್ನೂ ಕಾಗದದ ಮೇಲೆ ಇಳಿಸದೇ ನಂಬದವರು. ಅವರ ಕಂಕುಳಲ್ಲಿ ಒಂದು ಫೈಲು ಇತ್ತು.

"ಫಕ್ಕೀರಪ್ಪ, ಮೂರ ಅರ್ಜಿ ಬಂದಾವು. ಮೂರೂ ಮಂದಿ ಬೋರ್ಡ್ ತಮ್ಮ ಮ್ಯಾಲೇ ಹಾಕ್ಯಾನ ಅಂತ ಬರದಾರ. ನಾ ಪಂಚನಾಮಿ ಮಾಡಬೇಕು. ಯಾರಕಿಂತ ಛಲೋ, ಹೇಳಿಬಿಡು, ಬರಕೊಂಡ ಹೋಗ್ತೇನಿ."

"ಯಾರಕಿಂತನೂ ಅಲ್ರಿ ಸಾಹೇಬ್ರ."

"ಹಂಗ ಬರ್ಯಾಕ ಬರಾಂಗಿಲ್ಲ. ಹೋಲಿಕಿ ಅಂದ್ರ ಎರಡ ತಟ್ಟಿ ಬೇಕು. ಇಲ್ಲಿ ಒಂದ ಐತಿ. ಇನ್ನೊಂದ ತಟ್ಟಿ ಎಲ್ಲೆ?"

ಕಾಕಾನಿಗೆ ತಿಳಿಯಲಿಲ್ಲ. ಸಾಹೇಬರಿಗೆ ಹಸಿವಾಗಿರಬೇಕೆಂದು ಇನ್ನೊಂದು ತಟ್ಟೆ ಮಿರ್ಚಿ ತಂದಿಟ್ಟ. ಸಾಹೇಬರು ಎರಡೂ ತಟ್ಟೆ ತಿಂದು, ಕಣ್ಣು ಒರೆಸಿಕೊಂಡು, ವಿಚಾರಣೆ ಮುಂದಕ್ಕೆ ಹೋಗಿದೆ ಎಂದು ಬರೆದುಕೊಂಡು ಹೋದರು.

ಅವತ್ತೇ ನಾಲ್ಕು ಗಂಟೆಯ ಬಸ್ಸಿಗೆ ಲೋಹಿತ ಬಂದ. ದಿನಾ ಹಾರಿ ಇಳಿಯುವವನು ಆವತ್ತು ಮೆಟ್ಟಿಲು ಎಣಿಸುತ್ತಾ ಇಳಿದ. ತಟ್ಟೆ ಮುಂದಿಟ್ಟರೂ ಮುಟ್ಟಲಿಲ್ಲ.

"ಮಾವಾರ, ಬೋರ್ಡಿನ ಸುದ್ದಿ ಚಿಕ್ಕೇರೂರಿಗೂ ಮುಟ್ಟೇತ್ರಿ. ನಮ್ಮ ಅಪ್ಪಾರು ಒಂದ ಮಾತ ಕೇಳಿ ಬಾ ಅಂದಾರ."

"ಯಾರಕಿಂತ ಅಂತೋ?" ಕಾಕಾನ ದನಿ ಬಾವಿಯಿಂದ ಬಂದಂತಿತ್ತು.

"ಹೂಂರಿ. ನಮ್ಮಕಿಂತ ಇದ್ರ ಸೋಮವಾರ ಬರೂದು ಬ್ಯಾಡ ಅಂದಾರ. ಮೂವತ್ತ ವರ್ಷದ ಕಡಾಯಿ ಹೊತ್ಕೊಂಡು, ಬೋರ್ಡಿನ ಕೆಳಗ ಬಾಗಿ ಹೆಣ್ಣ ಕೇಳಾಕ ಬರಾಂಗಿಲ್ಲ ಅಂದಾರ."

ನೇತ್ರಾ ಒಳಗಿನಿಂದ ಕೇಳಿಸಿಕೊಂಡಳು. ಹೊರಗೆ ಬಂದು ಲೋಹಿತನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದಳು. ಬೈದಿದ್ದರೆ ಕಾಕಾನಿಗೆ ಹಗುರಾಗುತ್ತಿತ್ತು.

"ಸೋಮವಾರ ಕರಕೊಂಡ ಬಾ," ಎಂದಳು ಲೋಹಿತನಿಗೆ. "ಬಂದು ಕೇಳ್ಲಿ. ಜವಾಬ ಕೊಡ್ತಾರ ಅಪ್ಪ."

ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ. ಲೋಹಿತ ಮಿರ್ಚಿ ಮುಟ್ಟದೆ ಬಸ್ಸು ಹತ್ತಿದ್ದು ಅದೇ ಮೊದಲು. ಬಸ್ಸಿನ ತುಂಬ ಮಂದಿ ಅವನ ಪರವಾಗಿ ನಿಟ್ಟುಸಿರು ಬಿಟ್ಟರು, ಬಸ್ಸು ಅಷ್ಟರಿಂದಲೇ ಹತ್ತು ಮಾರು ಮುಂದೆ ಹೋಯಿತು. ಡ್ರೈವರ್ ಕ್ಲಚ್ ಬಿಟ್ಟದ್ದು ಆಮೇಲೆ.

ಕಾಕಾ ಕೂಡಲೇ ಮುಜಮ್ಮಿಲನಿಗೆ ಫೋನ್ ಮಾಡಿದ. ಅವನು ಭಾನುವಾರ ಬೆಳಿಗ್ಗೆ ಬಂದು ಉಪಾಯ ಹೇಳಿದ. "ಮಂದಿಗಿಂತ ಅಂದ್ರ ತಾನ ಜಗಳ ಬರೂದು? ನಿಮ್ಮಕಿಂತ ನೀವ ಬೆಟರ್ ಅಂತ ಬರದ್ರ ಯಾರಿಗೂ ನೋವಿಲ್ಲ. ಹ್ವಾದ ವರ್ಷಕಿಂತ ಬೆಟರ್ ಅಂತ ಸಣ್ಣಗ ಕೆಳಗ ಹಾಕ್ತೇನಿ."

ಕಾಕಾನಿಗೆ ಅದು ದೇವರು ಹೇಳಿದಂತೆ ಕೇಳಿಸಿತು. ನನ್ನ ಏಣಿ ಮತ್ತೆ ಏರಿತು. ಬಣ್ಣ ಆರುವ ಮುಂಚೆ ದುಂಡಸಿಯ ಒಬ್ಬ ಹಳೆಯ ಗಿರಾಕಿ ಓದಿದ.

"ಹ್ವಾದ ವರ್ಷಕಿಂತ ಛಲೋ? ಹಂಗಾರ ಹ್ವಾದ ವರ್ಷ ನನಗ ತಿನಿಸಿದ್ದ ಎಂತಾದು, ಫಕ್ಕೀರಪ್ಪ? ನಾ ದಿನಾ ಬಂದ ತಿಂದೇನಿ."

"ಅದೂ ಛಲೋ ಇತ್ತಪಾ."

"ಛಲೋ ಇದ್ದದ್ದ ಮತ್ತ ಹ್ಯಾಂಗ ಛಲೋ ಆತು? ಹ್ವಾದ ವರ್ಷ ಎಣ್ಣಿ ಏನ್ ಹಾಕಿದ್ರಿ, ಹೇಳು ಮತ್ತ."

ಒಳಗೆ ದಾನವ್ವ ಕರಿಯುತ್ತಿದ್ದಳು. ಈಗ ತೂತಿನ ಝಾರಿಯನ್ನು ಕಡಾಯಿಯ ಅಂಚಿಗೆ ಬಡಿದು ಕೆಳಗಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು.

"ಮೊದಲ ನಮ್ಮವ್ವಗ ಅಂದ್ರಿ. ಈಗ ನನಗ ಅಂದ್ರಿ. ಹ್ವಾದ ವರ್ಷನೂ ಕರದಾಕಿ ನಾನೇ ಅಲ್ಲೇನ್ರಿ? ಈ ವರ್ಷದ ಬೆಟರ್‌ನ ನೀವ ಕರೀರಿ." ಹೇಳಿ ಒಳಮನೆಗೆ ಹೋದಳು.

ಹೀಗೆ ಫಕ್ಕೀರಪ್ಪ ಕಾಕಾ ಬೇರೆಯವರನ್ನು ಬಿಟ್ಟು ತನ್ನ ಜೊತೆಗೇ ತನ್ನನ್ನು ಹೋಲಿಸಿಕೊಂಡು, ಆ ಪಂದ್ಯದಲ್ಲೂ ಸೋತ. ಆವತ್ತಿನ ಮಿರ್ಚಿ ಅವನೇ ಕರಿದ. ಮೇಲೆ ಕಪ್ಪು, ಒಳಗೆ ಹಸಿ. ಒಂದನ್ನು ನಾನು ತಿಂದೆ. ಉಸ್ಮಾನ ಚಾಚಾ ಆ ಬದಿಯಿಂದ ವಾಸನೆ ನೋಡಿಯೇ ಬಂದ. "ನನ್ನ ಎಂಟ ದಿನದ್ದು ಇದಕಿಂತ ಛಲೋ ಇತ್ತಲ್ಲೋ ನಾಸೀರ," ಎಂದು ಮುಖ ಅರಳಿಸಿಕೊಂಡು ಹೋದ. ಎರಡು ದಿನದ ಮೇಲೆ ಆವತ್ತು ಚಹಾಕ್ಕೆ ಸಕ್ಕರೆ ಬಿತ್ತು. ಕೆಳಗಿನ ಸಣ್ಣ ಸಾಲಿನ ಮೇಲೆ ಮುಜಮ್ಮಿಲ ಮತ್ತೆ ಹಳದಿ ಬಳಿದ.

ಬೋರ್ಡನ್ನು ಇಳಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕಾಕಾ ಹೇಳಿದ: "ಇಳಿಸಿದ್ರ ತಪ್ಪ ಒಪ್ಪಿಕೊಂಡ ಅಂತಾರ. ನಮ್ಮಕಿಂತ ಅಂತ ಬರದಿದ್ದ, ನಾವ ಬರೂದ ನೋಡಿ ಮುಚ್ಚಿಟ್ಟ ಅಂತಾನ ಬಸವೇಶಪ್ಪ." ಅದೂ ಖರೆಯೇ.

ಸೋಮವಾರ ಹನ್ನೊಂದು ಗಂಟೆಗೆ ಬಸ್ಸು ನಿಂತಿತು. ಎಂದೂ ಐದು ನಿಮಿಷ ಮೀರದ ಆ ಬಸ್ಸಿನ ಎಂಜಿನ್ನನ್ನೇ ಅಂದು ಡ್ರೈವರ್ ಆರಿಸಿಯೇ ಬಿಟ್ಟ. ಪ್ರಯಾಣಿಕರೆಲ್ಲ ಇಳಿದರು. ಹುಬ್ಬಳ್ಳಿಗೆ ಹಲ್ಲು ಕೀಳಿಸಲು ಹೊರಟವನೊಬ್ಬ ಕೆನ್ನೆ ಹಿಡಿದುಕೊಂಡೇ ಇಳಿದ. ಸಂಜಯ ಸಾಹೇಬರು ಫೈಲು ಹಿಡಿದು ಬಂದಿದ್ದರು. ಚನ್ನೇಶನೂ ಹಾನಗಲ್‌ನಿಂದ ಬಂದು ಬೈಕಿನ ಮೇಲೆ ಕುಂತಿದ್ದ. ಮುದುಕಿ ಕಲ್ಲಿನ ಮೇಲಿದ್ದಳು. ಮುಜಮ್ಮಿಲ ಹಳದಿ ಬಣ್ಣಕ್ಕೆ ಎರಡನೇ ಕೈ ಕೊಡಬೇಕೆಂದು ಏಣಿ ಹಿಡಿದು ರಸ್ತೆಯ ತುದಿಗೆ, ಹಾನಗಲ್ ದಾರಿಯ ಬಾಯಿಯಲ್ಲಿ ನಿಂತಿದ್ದ.

ಬಸವೇಶಪ್ಪ ಇಳಿದ. ಎತ್ತರದ ಮನುಷ್ಯ, ಬಿಳಿ ಮೀಸೆ, ಹೆಗಲ ಮೇಲೆ ಟವೆಲು. ಕಾಕಾ "ಬರ್ರಿ ಬೀಗರ, ಕುಂತ್ರಿ" ಎಂದ. ಬಸವೇಶಪ್ಪ ಕೂರಲಿಲ್ಲ. ಬೋರ್ಡಿನ ಕೆಳಗೆ ನಿಂತು ತಲೆ ಎತ್ತಿ, ಅಕ್ಷರ ಬಾರದಿದ್ದರೂ ಎಲ್ಲ ಅಕ್ಷರ ನೋಡಿದ. ಮೊಸಳೆಯನ್ನೂ ನೋಡಿದ.

"ಯಾರಕಿಂತರೀ ಬೀಗರ?" ಎಂದು ಮೆಲ್ಲಗೆ ಕೇಳಿದ.

ಕಾಕಾ ತಪ್ಪೆಲ್ಲ ಪೇಂಟರನದು ಎಂದು ಹೇಳಬೇಕೆಂದುಕೊಂಡಿದ್ದ, ಮುಂಜಾನೆಯಿಂದ ಅದನ್ನೇ ಬಾಯಿಪಾಠ ಮಾಡಿದ್ದ. ಮಾತು ಹೊರಡಲಿಲ್ಲ. ಕೈ ಮಾತ್ರ ಹೊರಟಿತು. ಕೈ ಎತ್ತಿ ಮುಜಮ್ಮಿಲನ ಕಡೆ ಬೆರಳು ಮಾಡಿದ. ಪೇಂಟರನಿಗೆ ಎಲ್ಲಿ ಸುಳಿವು ಸಿಕ್ಕಿತೋ, ಬೆರಳು ತನ್ನ ಕಡೆ ತಿರುಗುತ್ತಲೇ ಏಣಿ ಎತ್ತಿಕೊಂಡು ಬಸ್ಸಿನ ಹಿಂದೆ ಸರಿದುಬಿಟ್ಟ. ಈಗ ಬೆರಳಿನ ತುದಿಗೆ ಬರೀ ರಸ್ತೆ ಉಳಿಯಿತು.

ಬಸವೇಶಪ್ಪ ಬೆರಳು ಹೋದ ಕಡೆ ನೋಡಿದ. ಬಸ್ಸಿನ ಮಂದಿಯೂ ನೋಡಿದರು.

"ಆ ಕಡೆ ಏನೈತಿ?"

ಆಗ ನೇತ್ರಾ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಒಮ್ಮೆ ಅಪ್ಪನ ಬೆರಳನ್ನು ನೋಡಿದಳು, ಒಮ್ಮೆ ರಸ್ತೆ ನೋಡಿದಳು.

"ನಿಮ್ಮ ಊರ ಐತ್ರಿ ಮಾವಾರ, ಆ ಕಡೆ. ಬೋರ್ಡ್ ಇನ್ನೂ ಅರ್ಧ ಆಗೇತ್ರಿ. ಕೆಳಗ ಒಂದ ಬಾಣ ಬರಿಯೂದ ಬಾಕಿ ಐತಿ. ಅದನ್ನ ತೋರ್ಸಾಕತ್ತಾನ ಅಪ್ಪ."

"ಬಾಣ?"

"ಹೂಂರಿ. ಇದಕಿಂತ ಬೆಟರ್ ಮಿರ್ಚಿ ಬೇಕಂದ್ರ ಹಿಂಗ ಹೋಗ್ರಿ, ಚಿಕ್ಕೇರೂರಿಗೆ ಅಂತ."

ಬಸವೇಶಪ್ಪ ಮೀಸೆಯ ತುದಿ ಹಿಡಿದ. "ಮತ್ತ ಮ್ಯಾಲೆ ನಿಮ್ಮಪ್ಪನ ಹೆಸರ ಐತೆಲ್ಲ?"

"ಹೇಳಾಂವ ಯಾರು ಅಂತ ಗೊತ್ತಾಗಬೇಕಲ್ರಿ. ಸಹಿ ಇಲ್ಲದ ಮಾತ ಸಂಜಯ ಸಾಹೇಬ್ರು ನಂಬಾಂಗಿಲ್ರಿ."

ಸಂಜಯ ಸಾಹೇಬರು ಫೈಲು ತಟ್ಟಿ, "ಖರೆ ಐತಿ, ನಂಬಾಂಗಿಲ್ಲ," ಎಂದರು. ಫಕ್ಕೀರಪ್ಪ ಕಾಕಾನ ಬೆರಳು ಇನ್ನೂ ಹಾಗೇ ಇತ್ತು. ಅದನ್ನು ಇಳಿಸುವುದು ಅವನಿಗೆ ನೆನಪಾಗಲಿಲ್ಲ.

"ಹೌದೇನ್ರಿ ಬೀಗರ?" ಬಸವೇಶಪ್ಪ ಕೇಳಿದ.

"ಹೌ, ಹೌದ್ರಿ," ಎಂದ ಕಾಕಾ. ಒಮ್ಮೆ ಬಾಯಿ ಬಿಟ್ಟ ಮೇಲೆ ಅವನನ್ನು ಹಿಡಿಯುವವರಿಲ್ಲ. "ನಮ್ದೇನ್ರಿ, ದಾರ್ಯಾಗಿನ ಮಿರ್ಚಿ. ನಿಮ್ದು ಮೂವತ್ತ ವರ್ಷದ ಕಡಾಯಿ. ಅಲ್ಲಿಗೆ ಹೋಗಾವ್ರಿಗೆ ದಾರಿ ತೋರ್ಸೂದ ನನ್ನ ಕೆಲಸ."

ಬಸವೇಶಪ್ಪ ಕುಂತ. ದಾನವ್ವ ಝಾರಿ ಕೈಗೆತ್ತಿಕೊಂಡಿದ್ದಳು, ಯಾವಾಗ ಎಂದು ಯಾರೂ ನೋಡಲಿಲ್ಲ. ತಟ್ಟೆ ಬಂತು. ಅವನು ಒಂದು ಮಿರ್ಚಿಯನ್ನು ತೊಟ್ಟಿನವರೆಗೆ ತಿಂದು, ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳದೇ ಹೇಳಿದ: "ನಮ್ಮಕಿಂತ ಛಲೋ ಆಗೇತ್ರಿ."

"ಏನ್ ಛಲೋರಿ," ಎಂದ ಕಾಕಾ ಥಟ್ಟನೆ. "ಇವತ್ತ ಉಪ್ಪ ಕಡಿಮಿ ಬಿದ್ದೈತಿ."

ಕಲ್ಲಿನ ಮೇಲಿನ ಮುದುಕಿ ಕೋಲು ಊರಿ ಎದ್ದು ಒಳಗೆ ನಡೆದಳು. ಉಸ್ಮಾನ ಚಾಚಾ ಚಹಾದ ಕೆಟಲಿಯನ್ನು ತಾನೇ ಹೊತ್ತು ತಂದ. ಲೋಹಿತ ಮೂರು ತಟ್ಟೆ ತಿಂದ, ಎರಡು ದಿನದ ಬಾಕಿ ಸೇರಿ. ಹಲ್ಲು ನೋವಿನವನು ಒಂದು ಮಿರ್ಚಿ ತಿಂದು, ಇನ್ನು ಹುಬ್ಬಳ್ಳಿಗೆ ಹೋಗುವ ಅಗತ್ಯವಿಲ್ಲ, ಹಲ್ಲು ಎಲ್ಲಿದೆ ಎಂದೇ ಗೊತ್ತಾಗುತ್ತಿಲ್ಲ ಎಂದ. ಅಂತೂ ಮಾತು ಮುಗಿಯಿತು, ತಾರೀಕು ಹಿಡಿದರು.

ಮುಜಮ್ಮಿಲ ಬಸ್ಸಿನ ಹಿಂದಿನಿಂದ ಬಂದು ಅಂದೇ ಬಾಣ ಬರೆದ. ಅವನ ಬಾಣ ಹಾವಿನ ಹಾಗಿತ್ತು, ಮೊಸಳೆಗೆ ಜೋಡಿಯಾಯಿತು. ಕೆಳಗೆ ಚಿಕ್ಕೇರೂರು ಬಸವೇಶಪ್ಪ ಎಂದು ಬಂತು.

ಇಷ್ಟಕ್ಕೆ ಬಸವೇಶಪ್ಪ ಸುಮ್ಮನಿರುತ್ತಾನೆಯೇ? ಮರ್ಯಾದೆಯಲ್ಲಿ ಹೆಣ್ಣಿನ ಕಡೆಯವರಿಗೆ ಸೋಲುವುದೇ? ಎಂಟು ದಿನದಲ್ಲಿ ಅವನ ಅಂಗಡಿಯ ಮೇಲೂ ಒಂದು ಬೋರ್ಡು ಎದ್ದಿತು, ಅವನ ಬೋರ್ಡಿನ ಬಾಣ ತಡಸದ ಕಡೆಗೆ. ಈಗ ನಮ್ಮಲ್ಲಿ ನಿಂತವರು, ಚಿಕ್ಕೇರೂರಿನದು ಇದಕ್ಕಿಂತ ಎಷ್ಟು ಛಲೋ ಎಂದು ತಿಳಿಯಬೇಕಾದರೆ ಇದನ್ನು ಮೊದಲು ತಿನ್ನಬೇಕಲ್ಲ ಎಂದು ಎರಡು ತಟ್ಟೆ ತಿನ್ನುತ್ತಾರೆ. ಅಲ್ಲಿಗೆ ಹೋದವರಿಗೆ ಅಲ್ಲಿಯ ಬಾಣ ತಡಸ ತೋರಿಸುತ್ತದೆ. ಶಿರಸಿಗೆಂದು ಹೊರಟ ಒಂದು ಕಾರು ಈ ಎರಡು ಬಾಣಗಳ ನಡುವೆ ನಾಲ್ಕು ದಿನ ಓಡಾಡಿ, ಶಿರಸಿ ಮರೆತು ಮನೆಗೆ ಹೋಯಿತೆಂದು ಲೋಹಿತ ಹೇಳುತ್ತಾನೆ. ನಡುವೆ ಹಾನಗಲ್‌ನಲ್ಲಿ ಚನ್ನೇಶ ಎರಡೂ ಕಡೆಗೆ ಒಂದೊಂದು ಬಾಣ ಬರೆಸಿದ್ದಾನೆ, ಅವನ ಗಾಡಿಯ ಮುಂದೆ ನಿಲ್ಲಲು ಜಾಗವಿಲ್ಲ. ಸಂಜಯ ಸಾಹೇಬರು ವಾರಕ್ಕೊಮ್ಮೆ ಬರುತ್ತಾರೆ. ಈಗ ಅವರಿಗೆ ಬೇಕಾದದ್ದು ಫಕ್ಕೀರಪ್ಪನ ಮಿರ್ಚಿ ಕಡಿಮೆ ಎಂಬುದಕ್ಕೆ ಪುರಾವೆ. ಎರಡು ತಟ್ಟೆ ತಿಂದು, ಸಿಗಲಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ.

ಮನೆ ನೋಡುವ ಶಾಸ್ತ್ರಕ್ಕೆ ನಾವು ಚಿಕ್ಕೇರೂರಿಗೆ ಹೋದೆವು. ಕಾಕಾ, ದಾನವ್ವ ಕಾಕು, ಉಸ್ಮಾನ ಚಾಚಾ, ನಾನು. ಬಸವೇಶಪ್ಪ ತಾನೇ ಕರಿದು ದಾನವ್ವನ ಮುಂದೆ ತಟ್ಟೆ ಇಟ್ಟ. ಅವಳು ಒಂದು ಮಿರ್ಚಿ ಮುರಿದಳು, ಒಳಗೆ ನೋಡಿದಳು, ತಿಂದಳು. ಬಹಳ ಹೊತ್ತು ಅಗಿದಳು. ಅವಳು ಸುಳ್ಳು ಹೇಳಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಫಕ್ಕೀರಪ್ಪ ಕಾಕಾ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ನಮ್ಮಕಿಂತ ಛಲೋ ಆಗೇತ್ರಿ ಅಣ್ಣಾರ," ಎಂದಳು ದಾನವ್ವ.

ಬಸವೇಶಪ್ಪನ ಮೀಸೆ ಅರಳಿತು.

ತಿರುಗಿ ಬರುವಾಗ ಲೋಹಿತನದೇ ಬಸ್ಸು. ದಾನವ್ವ ಕಿಟಕಿಯ ಹತ್ತಿರ ಕುಂತು ಹೊರಗೆ ನೋಡುತ್ತಿದ್ದಳು. ಒಂದೆರಡು ಊರು ಬಂದವು, ಹೋದವು. ಹಾನಗಲ್ ಬಂತು. ಚನ್ನೇಶನ ಎರಡು ಬಾಣ ಕಂಡವು. ಊರು ದಾಟಿದ ಮೇಲೆ, ಕಿಟಕಿಯ ಕಡೆಯಿಂದ ಮುಖ ತಿರುಗಿಸದೇ ಹೇಳಿದಳು:

"ಉಪ್ಪ ಕಡಿಮಿ ಇತ್ತು."

ಫಕ್ಕೀರಪ್ಪ ಕಾಕಾ ಮುಂದೆ, ಹಿಂದೆ, ಟಿಕೆಟ್ ಹರಿಯುತ್ತಿದ್ದ ಅಳಿಯನ ಕಡೆ ನೋಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, ತೀರಾ ಸಣ್ಣ ದನಿಯಲ್ಲಿ ಕೇಳಿದ:

"ಯಾರಕಿಂತ?"